ಮೂರೂವರೆ ಗಂಟೆಯ ದಾರಿ

ಆ ಬುಧವಾರ ಬೆಳಗಾವಿಯ ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಚಂದನಳಿಗೆ ಬೆಂಗಳೂರು ವಿಮಾನ ನಿಲ್ದಾಣದ ಬಳಿಯ ವಿಜಯಪುರದಿಂದ ಅಜ್ಜಿ ಸೊಣ್ಣಮ್ಮನ ಕರೆ ಬಂತು.

"ನಿಮ್ಮ ತಾತ ಹೋಗ್ಬಿಟ್ರು ಕಣೇ..."

ಹೆತ್ತವರಿಲ್ಲದ ಅವಳನ್ನು ಸಾಕಿದ್ದ ತಾತ ಆವಲಪ್ಪ! ಅವಳು ಸಿಕ್ಕ ಬಸ್ಸು ಹಿಡಿದು ಬಂದು, ಅಳುತ್ತಲೇ ಮಣ್ಣು ಹಾಕಿದಳು.

ಶುಕ್ರವಾರ, ಮೂರನೆಯ ದಿನ, ಸಮಾಧಿಗೆ ಹಾಲು ತುಪ್ಪ ಬಿಡುವ ಹೊತ್ತಿಗೆ ಹೊಲದ ಬದುವಿನ ಮೇಲೆ ಯಾರೋ ಬ್ಯಾಗು ಹೊತ್ತು ಬರುತ್ತಿದ್ದರು.

ಕಾಂತರಾಜು!

ಅಲ್ಲೇ ಹತ್ತಿರದ ಮಧುರೆ ಊರಿನ ಕಾಂತರಾಜು ಅಸ್ಸಾಮಿನ ದಿಬ್ರುಗಢದಲ್ಲಿ ಚಹಾ ಕಾರ್ಖಾನೆಯ ಮೆಕ್ಯಾನಿಕ್. ಅವನೊಂದಿಗೆ ಚಂದನಳ ಮದುವೆಯ ಮಾತು ಮುರಿದು ಆರು ತಿಂಗಳಾಗಿತ್ತು.

ಅಂದು ಅವಳ ಹುಟ್ಟುಹಬ್ಬಕ್ಕೆ ಬೆಳಗಾವಿಗೆ ಬರುತ್ತೇನೆಂದಿದ್ದ. ದಿಬ್ರುಗಢದಿಂದ ಬೆಳಗಾವಿಗೆ ವಿಮಾನದಲ್ಲಿ ಎಷ್ಟು ದೂರ ಎಂದು ಅವಳು ಕುತೂಹಲದಿಂದ ಫೋನಿನಲ್ಲಿ ಹುಡುಕಿದ್ದಳು. ಎರಡು ಸಾವಿರದ ನಾನೂರು ಚಿಲ್ಲರೆ ಕಿಲೋಮೀಟರ್, ಮೂರೂವರೆ ಗಂಟೆ! ಅಡುಗೆ ಮಾಡಿ ಕಾದಳು. ಅವನು ಬರಲಿಲ್ಲ.

'ಮೂರೂವರೆ ಗಂಟೆಯ ದಾರಿಗೂ ನಾನು ಬೇಡವಾದೆನೇ?' ತಾತನ ಮುಂದೆ ಅತ್ತು, ಅವನೊಂದಿಗೆ ಮಾತು ಬಿಟ್ಟಿದ್ದಳು.

"ಇವತ್ತು ದಾರಿ ಸಿಕ್ತಾ?" ಎಂದಳು ಈಗ.

"ಅವತ್ತೂ ಹೊರಟಿದ್ದೆ ಚಂದನ. ಕೋಲ್ಕತ್ತಾದಲ್ಲಿ ಮುಂದಿನ ಫ್ಲೈಟ್ ತಪ್ಪೋಯ್ತು. ರಜಾ ಮುಗೀತು, ವಾಪಸ್ ಹೋದೆ."

"ಕತೆ ಕಟ್ಬೇಡಿ!"

ಸೊಣ್ಣಮ್ಮ ಗದರಿದಳು. "ಲೇ, ಜಗಳ ಆಮೇಲೆ ಆಡುವಂತೆ. ನಿಮ್ಮ ತಾತನ ಎಲೆ ಅಡಿಕೆ ಚೀಲ ತೆಗಿ, ಅವರ ತಲೆದೆಸೇಲಿ ಇಡ್ಬೇಕು."

ಸತ್ತವರಿಗೆ ಇಷ್ಟವಾದದ್ದನ್ನು ಅಂದು ಸಮಾಧಿಯ ಮೇಲಿಡುವುದು ವಾಡಿಕೆ. ಚಂದನ ಚೀಲ ಬಿಚ್ಚಿದಳು. ಒಣಗಿದ ಎಲೆಗಳ ನಡುವೆ ಮಡಚಿದ ಕ್ಯಾಲೆಂಡರ್ ಹಾಳೆ... ತಾತನ ಸೊಟ್ಟ ಅಕ್ಷರ!

"ದಿಬ್ರುಗಢ, ಗುವಾಹಟಿ, ಕೋಲ್ಕತ್ತಾ, ಬೆಂಗಳೂರು, ಆಮೇಲೆ ಬೆಳಗಾವಿ. ಕಾಯೋದೂ ಸೇರಿ ಹತ್ತೊಂಬತ್ತು ಗಂಟೆ. ಮೂರೂವರೆ ಅಂದದ್ದು ನಕ್ಷೆ ಮೇಲೆ ಗೆರೆ ಎಳೆದ ಲೆಕ್ಕ. ಆ ಗೆರೆ ಮೇಲೆ ವಿಮಾನವೇ ಇಲ್ಲ. ಮಗು ಬಂದಾಗ ಹೇಳಬೇಕು. ಹುಡುಗ ಸುಳ್ಳುಗಾರ ಅಲ್ಲ."

ಅವಳು ಕಾಂತರಾಜುವಿನತ್ತ ತಿರುಗಿದಳು. "ತಾತನಿಗೆ... ಹೇಗೆ?"

"ಅವರೇ ದಿನಾ ಸಂಜೆ ನನಗೆ ಫೋನ್ ಮಾಡೋರು. ನಮ್ಮನೆ ಮೇಲೆ ಇಷ್ಟೊಂದು ಇಮಾನ ಹೋಗ್ತವೆ, ನೀನಿರೋ ಊರಿಗೆ ಒಂದೂ ನೆಟ್ಟಗೆ ಬರಲ್ವೇನಪ್ಪಾ? ಕಾಯೋ ಕಡೆ ಮುದ್ದೆ ಸಿಗ್ತದಾ? ಅಂತ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ನನಗ್ಯಾಕೆ ಹೇಳ್ಲಿಲ್ಲ?"

"ನನ್ನ ನಂಬರ್ ಬ್ಲಾಕ್ ಮಾಡಿದ್ದು ಯಾರು?"

ಅವಳು ತಲೆ ತಗ್ಗಿಸಿದಳು. "ಈಗ ಎಷ್ಟು ಹೊತ್ತಾಯ್ತು ಬರೋಕೆ?"

"ಅಜ್ಜಿ ಫೋನ್ ಮಾಡಿದ್ರು, ಹೊರಟೆ. ಇಪ್ಪತ್ತೆರಡು ಗಂಟೆ. ಅರ್ಧ ಬರೀ ಕೂತಿದ್ದೇ."

"ಮುಂದಿನ ಸಲ ಪಕ್ಕದಲ್ಲಿ ನಾನೂ ಕೂತ್ಕೊಂಡು ಕಾಯ್ತೀನಿ," ಎಂದು ಹಾಲಿನ ಚೊಂಬನ್ನು ಅವನ ಕೈಗಿತ್ತಳು. "ಬನ್ನಿ... ಮನೆಯವರಾಗಿ ಹಾಲು ಬಿಡಿ."

ಇಬ್ಬರೂ ಹಾಲು ಬಿಟ್ಟರು. ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ಚಂದನ ಕಣ್ಣು ಮುಚ್ಚಿ ಕೈ ಮುಗಿದಳು.

'ದೇವರೇ, ನಮ್ಮ ತಾತನ ದಾರಿಯಾದರೂ ನೇರವಾಗಿರಲಿ. ನಡುವೆ ಎಲ್ಲಿಯೂ ಅವರನ್ನು ಕಾಯಿಸಬೇಡ. ನಿನ್ನ ಪಾದದಲ್ಲಿ ಅವರಿಗೆ ಶಾಂತಿ ಕೊಡು.'