ಕುರಿ ಸಾಕಣೆ ಓದಿ ಅತ್ತವರು

ಮೊದಲು ಬಂದು ಕೇಳಿದ್ದು ಎದುರು ಬೀದಿಯ ಹೊಲಿಗೆಯಾಕೆ.

"ಮೇಡಂ, ಕುರಿ ಸಾಕೋ ಪುಸ್ತಕ ಇದೆಯಂತಲ್ಲ, ಅದನ್ನ ಕೊಡಿ."

ತಾರೀಖು ಒತ್ತಬೇಕಿದ್ದ ನನ್ನ ಸ್ಟಾಂಪು ಕಾರ್ಡು ಬಿಟ್ಟು ಮೇಜಿನ ಮೇಲೆ ಬಿತ್ತು.

"ನಿಮಗ್ಯಾಕೆ ಅದು? ಮನೇಲಿ ಕುರಿ ಇದೆಯಾ?"

"ಗಂಡ ಇದಾನಲ್ಲ," ಎಂದು ಆಕೆ ನಕ್ಕಳು. "ಹಲ್ಲಿನ ಡಾಕ್ಟ್ರು ಹೇಳಿದ್ರು, ಓದ್ಲೇಬೇಕಂತೆ. ಅಂಚಲ್ಲೆಲ್ಲ ಯಾರೋ ಹೆಂಗಸು ಪೆನ್ಸಿಲಲ್ಲಿ ಬರೆದಿದಾಳಂತೆ. ಕಣ್ಣಲ್ಲಿ ನೀರು ಬರುತ್ತಂತೆ."

ಆ ಯಾರೋ ಹೆಂಗಸು ನಾನೇ.

ಲೈಬ್ರರಿಯಲ್ಲಿ ಹದಿನೇಳು ವರ್ಷ ಕಳೆದವಳಿಗೆ ಯಾರೂ ಮುಟ್ಟದ ಪುಸ್ತಕ ಯಾವುದೆಂದು ಚೆನ್ನಾಗಿ ಗೊತ್ತಿರುತ್ತದೆ. 'ಕುರಿ ಸಾಕಣೆ: ರೋಗಗಳು ಮತ್ತು ಆರೈಕೆ' ಹನ್ನೊಂದು ವರ್ಷದಿಂದ ಯಾರ ಮನೆಗೂ ಹೋಗಿರಲಿಲ್ಲ. ಮನೆಯಲ್ಲಿ ಡೈರಿ ಇಡೋಣವೆಂದರೆ ಅತ್ತಿಗೆಯ ಕಣ್ಣಿಗೆ ಬೀಳದ ಮೂಲೆಯಿಲ್ಲ. ಹೀಗಾಗಿ ನಲವತ್ತೊಂದರ ವಯಸ್ಸಿನಲ್ಲಿ ನನ್ನ ಮನಸ್ಸನ್ನು ನಾನು ಕುರಿಗಳ ನಡುವೆ ಬಚ್ಚಿಟ್ಟಿದ್ದೆ.

ಕಾಲುಬೇನೆಯ ಅಧ್ಯಾಯದ ಪಕ್ಕದಲ್ಲಿ: "ಈ ಗುರುವಾರ ಬರಲಿಲ್ಲ. ಜ್ವರವೇನೋ. ಕೇಳಲು ನಾನ್ಯಾರು?"

ಉಣ್ಣೆ ಕತ್ತರಿಸುವ ಚಿತ್ರದ ಕೆಳಗೆ: "ಎಷ್ಟು ಚೆಂದದ ಕೈಗಳು. ಪುಸ್ತಕವನ್ನು ಮಗುವಿನ ಹಾಗೆ ಎತ್ತಿಕೊಳ್ಳುತ್ತಾರೆ."

ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ಅದೆಲ್ಲವೂ ನಮ್ಮ ಬೈಂಡರ್ ಬಗ್ಗೆ. ಹರಿದ ಪುಸ್ತಕಗಳನ್ನು ಒಯ್ಯಲು ಅವರು ಪ್ರತಿ ಗುರುವಾರ ಬರುತ್ತಾರೆ. ಹೆಂಡತಿ ತೀರಿಕೊಂಡು ಆರು ವರ್ಷವಾಗಿದೆ, ಮಾತು ಕಡಿಮೆ. ನಾನು ಚೀಟಿಯಲ್ಲಿ 'ಬೆನ್ನು ಸಡಿಲ, ದಯವಿಟ್ಟು ಹೊಲಿಯಿರಿ' ಎಂದು ಬರೆದು ಕೊಡುತ್ತೇನೆ, ಅವರು ಓದಿ ತಲೆಯಾಡಿಸುತ್ತಾರೆ. ನಮ್ಮ ಸಂಬಂಧ ಅಷ್ಟೇ. ಅವರಿಗೆ ವಿಷಯ ತಿಳಿದು, ಸಂಕೋಚಕ್ಕೆ ಬರುವುದನ್ನೇ ಬಿಟ್ಟರೆ ಆ ಅಷ್ಟೂ ಹೋಗುತ್ತಿತ್ತು. ನನ್ನ ಭಯ ಅದೊಂದೇ.

ಪುಸ್ತಕ ಕಪಾಟಿನಲ್ಲಿದ್ದರೆ ತಾನೆ ಅಳಿಸಿಬಿಡಲು! ನಾನಿಲ್ಲದ ಹೊತ್ತಿನಲ್ಲಿ ಅದು ಆಗಲೇ ಹೊರಬಿದ್ದಿತ್ತು. ಡಾಕ್ಟರಿಂದ ನರ್ಸಿಗೆ, ನರ್ಸಿಂದ ಅವಳ ನಾದಿನಿಗೆ, ಅಲ್ಲಿಂದ ಮುಂದಕ್ಕೆ ಕೈಯಿಂದ ಕೈಗೆ ದಾಟುತ್ತಿತ್ತು. ಕಾಯುತ್ತಿರುವವರ ಪಟ್ಟಿಯಲ್ಲಿ ಇಪ್ಪತ್ತಾರು ಹೆಸರು. ಬಾಯಿ ತೆರೆಸಿ ಕೂರಿಸಿ ಹೇಳುವ ವೈದ್ಯರ ಮಾತಿಗೆ ಬೇಡ ಎನ್ನುವುದಾದರೂ ಹೇಗೆ?

ಒಂದು ಸಂಜೆ ಊಟಕ್ಕೆ ಕೂತಾಗ ಅತ್ತಿಗೆ ಮೂಗೊರೆಸಿಕೊಂಡರು.

"ಏನಾಯ್ತು ಅತ್ತಿಗೆ?"

"ಏನಿಲ್ಲ ಕಣೇ. ಕುರಿ ಪುಸ್ತಕ ಓದಿದೆ. 'ಕೇಳಲು ನಾನ್ಯಾರು' ಅಂತಾಳಲ್ಲ, ಕರುಳು ಕಿವುಚಿದ ಹಾಗಾಯ್ತು. ಆ ಗಂಡಸು ಎಂಥಾ ಕಲ್ಲುಬಂಡೆ ಇರಬೇಕು!"

"ಪುಸ್ತಕ ಎಲ್ಲಿ?"

"ಆಗಲೇ ಪಕ್ಕದ್ಮನೆಗೆ ಕೊಟ್ಟೆ. ಏನು, ಮುಖ ಹಾಗೆ ಮಾಡ್ತೀಯಾ? ನೀನೂ ಓದು, ನಿನ್ನಂಥ ಮುದ್ದೆಗೆ ಸ್ವಲ್ಪ ಬುದ್ಧಿ ಬರುತ್ತೆ."

ನಾನು ತಟ್ಟೆಗೆ ಇನ್ನೊಮ್ಮೆ ಸಾರು ಹಾಕಿಕೊಂಡೆ.

ಮುಂದಿನ ಗುರುವಾರ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಕುರಿ ಪುಸ್ತಕದ ಬೆನ್ನು ಕಿತ್ತು ಬಂದಿತ್ತು," ಎಂದರು ನಮ್ಮ ಮುಖ್ಯಸ್ಥರು. "ಬೈಂಡರ್ ಕೈಗೆ ಕೊಟ್ಟು ಕಳಿಸಿದೆ."

ಕೊಡೆ, ಚೀಲ ಏನನ್ನೂ ತೆಗೆದುಕೊಳ್ಳದೆ ಅವರ ಅಂಗಡಿಗೆ ಓಡಿದೆ.

ಅವರು ಕಿಟಕಿಯ ಬಳಿ ಕೂತು ಪುಸ್ತಕದ ಬೆನ್ನಿಗೆ ಗೋಂದು ಸವರುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಇದ್ದ ಒಂದೇ ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು.

"ಅದನ್ನ ಓದ್ಬೇಡಿ," ಎಂದೆ, ಏದುಸಿರಿನಲ್ಲಿ.

"ಓದಿಯಾಗಿದೆ."

"ಯಾವಾಗ?"

"ಹೋದ ವರ್ಷ. ಪೈಪು ಒಡೆದು ಕೆಳಗಿನ ಕಪಾಟಿಗೆ ನೀರು ನುಗ್ಗಿತ್ತಲ್ಲ, ನೀವು ರಜೆಯಲ್ಲಿದ್ರಿ. ಒಣಗಿಸೋಕೆ ಕೊಟ್ಟ ಪುಸ್ತಕಗಳಲ್ಲಿ ಇದೂ ಇತ್ತು." ಅವರು ಬ್ರಷ್ಷನ್ನು ನೋಡುತ್ತಲೇ ಹೇಳಿದರು. "ನಿಮ್ಮ ಅಕ್ಷರ ನಂಗೆ ಗೊತ್ತಿಲ್ವಾ? ನೀವು ಕೊಟ್ಟ ಚೀಟಿ ಒಂದನ್ನೂ ಬಿಸಾಡಿಲ್ಲ."

ನಾನು ಸ್ಟೂಲನ್ನು ಎಳೆದುಕೊಂಡು ಕೂತೆ.

"ಹಾಗಾದ್ರೆ ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ಸುಮ್ನೆಲ್ಲಿದ್ದೆ? ಡಾಕ್ಟ್ರಿಗೆ ನಾನೇ ಹೇಳಿದ್ದು, ಓದಿ ಅಂತ."

"ಅವರಿಗ್ಯಾಕೆ?"

"ಗುರುವಾರ ಅವರ ಕ್ಲಿನಿಕ್ಕಿಗೆ ರಜೆ, ಲೈಬ್ರರಿಗೆ ಬರ್ತಾರೆ. ಒಂಟಿ ಬೇರೆ. ಅವರ ಕೈ ನೋಡಿ, ಹಾಲಲ್ಲಿ ತೊಳೆದ ಹಾಗಿದೆ." ಅವರ ಸ್ವರ ಸಣ್ಣದಾಯಿತು. "ನೀವಂತೂ ಬಾಯಿ ಬಿಡೋರಲ್ಲ. ಓದಿದ್ರೆ ತಮ್ಮ ಬಗ್ಗೇನೇ ಅಂತ ಅವರೇ ತಿಳ್ಕೋತಾರೆ ಅಂದ್ಕೊಂಡೆ. ಅವರು ಓದಿ ಅತ್ತು, ಬಂದ ರೋಗಿಗೆಲ್ಲ ಹೇಳ್ಕೊಂಡು ಕೂತ್ರು. ಇಷ್ಟು ದಡ್ಡರು ಅಂತ ಗೊತ್ತಿರಲಿಲ್ಲ."

"ದಡ್ಡರು ಅವರೊಬ್ರೇನಾ?"

ಅವರು ತಲೆಯೆತ್ತಿದರು. ಆ ದೃಷ್ಟಿಯನ್ನು ಹೇಗೆ ಹೇಳಲಿ! ಪುಸ್ತಕ ಮುಗಿಯಿತೆಂದು ಮುಚ್ಚಿಟ್ಟವರು, ಇನ್ನೊಂದು ಅಧ್ಯಾಯವಿದೆ ಎಂದು ಕಂಡವರ ಹಾಗೆ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಕೈಗಳನ್ನು ನೋಡಿಕೊಂಡರು. ದಾರ ಎಳೆದೆಳೆದು ಸೀಳಿದ ಬೆರಳು, ಉಗುರಿನಡಿ ಒಣಗಿದ ಗೋಂದು.

"ಇವಾ?"

"ಮತ್ತೆ? ಪುಸ್ತಕವನ್ನ ಮಗುವಿನ ಹಾಗೆ ಎತ್ತೋದು ಡಾಕ್ಟ್ರಾ? ಅವರು ಪತ್ರಿಕೆ ಮಡಚಿ ಸೊಳ್ಳೆ ಹೊಡೀತಾರೆ."

ಅವರು ನಕ್ಕುಬಿಟ್ಟರು. ಅವರು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಸದ್ದಿಲ್ಲದೆ ಎದ್ದು ಹೋಯಿತು. ನನಗೂ ನಗು ಬಂತು, ಜೊತೆಗೆ ಅಳು.

"ಒಂದು ವರ್ಷ ಬೇರೆಯವರಿಗೆ ಕೊಡಿಸೋಕೆ ಓಡಾಡಿದೆ," ಎಂದರು. "ನಂದೇ ಅಂತ ಗೊತ್ತಿಲ್ದೆ."

"ಹೊಟ್ಟೆ ಉರೀಲಿಲ್ವಾ?"

"ಉರೀತು. ಆದ್ರೂ ನಿಮ್ಮ ಗುರುವಾರಗಳು ಖಾಲಿ ಹೋಗಬಾರದು ಅನ್ಸಿತು."

ನಾನು ಕೈ ಚಾಚಿದೆ. ಅವರು ಗಾಬರಿಯಿಂದ ತಮ್ಮದನ್ನು ಹಿಂದಕ್ಕೆಳೆದುಕೊಂಡರು.

"ಬೇಡ, ಗೋಂದು ಹಸಿಯಿದೆ. ಅಂಟುತ್ತೆ."

"ಕೊಡ್ರೀ ಇಲ್ಲಿ," ಎಂದು ನಾನೇ ಆ ಕೈ ಹಿಡಿದುಕೊಂಡೆ. ಪುಸ್ತಕ ಮೇಜಿನ ಮೇಲೆ ತೆರೆದ ಬೆನ್ನಿನಲ್ಲೇ ಬಿದ್ದಿತ್ತು. ಇಪ್ಪತ್ತಾರು ಜನ ಇನ್ನೊಂದು ವಾರ ಕಾಯಲಿ.