ಉಪ್ಪಮ್ಮ ಹಿಂದೆ ಸರಿಯಲಿಲ್ಲ

ಚಳಿ ಇನ್ನೂ ಬಿಟ್ಟಿರಲಿಲ್ಲ, ಬೆಳಗಿನ ಒಂಬತ್ತರ ಹೊತ್ತು. ಲ್ಯಾಬಿನ ಬಾಗಿಲು ತಳ್ಳಿಕೊಂಡು ಬಂದವನ ಮೊದಲ ಮಾತೇ ಅವಳ ಎದೆಗೆ ಚುಚ್ಚಿತು.

“ಉಪ್ಪಮ್ಮ ಅಂದ್ರೆ ನೀವೇನಾ? ನಿಮ್ಮ ಫಲಿತಾಂಶ ತಪ್ಪು.”

“ಆ ಹೆಸರು ಗೆಳೆಯರಿಗೆ ಮಾತ್ರ. ನೀವ್ಯಾರು?”

“ಎರಡನೇ ಕೈ.”

ಆ ಲ್ಯಾಬಿನ ಪದ್ಧತಿ ಹಾಗಿತ್ತು. ಒಬ್ಬರು ಮಾಡಿದ್ದನ್ನು ಪರಿಚಯವೇ ಇಲ್ಲದ ಇನ್ನೊಬ್ಬರು ಬೇರೆ ಕೋಣೆಯಲ್ಲಿ ಮಾಡಿ ನೋಡಬೇಕು. ಇಬ್ಬರದೂ ಒಂದೇ ಬಂದರೆ ಮಾತ್ರ ನಿಜ.

ಬ್ಯಾಕ್ಟೀರಿಯಾ ಉಗುಳುವ ಒಂದು ವಿಷದ ಬೆನ್ನು ಬಿದ್ದು ಅವಳು ವರ್ಷಗಳನ್ನೇ ಸವೆಸಿದ್ದಳು. ಆ ವಿಷ ರಕ್ತಕಣಗಳನ್ನು ಒಡೆದು ಟ್ಯೂಬನ್ನೆಲ್ಲ ಕೆಂಪು ಮಾಡುತ್ತದೆ. ಉಪ್ಪು ಒಂದಿಷ್ಟು ಹೆಚ್ಚಿಸಿದರೆ ಅದರ ಸೊಕ್ಕು ಅಡಗುತ್ತದೆ, ಕಣಗಳು ಉಳಿಯುತ್ತವೆ. ಅವಳು ಕಂಡದ್ದು ಇದು.

“ನನ್ನ ಟ್ಯೂಬೆಲ್ಲ ಕೆಂಪು,” ಅಂದ ಅವನು.

ಲ್ಯಾಬು ನಡೆಸುವ ದೊಡ್ಡ ಮೇಡಂ ಕನ್ನಡಕ ತೆಗೆದರು. “ಫಲಿತಾಂಶ ವಾಪಸ್ ತಗೊಂಡುಬಿಡಮ್ಮ. ಬೇರೆ ಕೆಲಸ ಕೊಡ್ತೀನಿ.”

“ತಗೊಳ್ಳಲ್ಲ ಮೇಡಂ!”

‘ಇಷ್ಟು ವರ್ಷದ ದುಡಿಮೆ... ಇವನ ಒಂದು ಮಾತಿಗೆ ಮುಳುಗಬೇಕಾ?’ ಅವಳು ಅವನತ್ತ ತಿರುಗಿದಳು. ಕಣ್ಣು ಕೆಳಗಾಗಲಿಲ್ಲ.

“ವಿಷಾನೇ ಹಾಕದ ಟ್ಯೂಬ್ ಏನಾಯ್ತು ರೀ?”

ಅವನು ತನ್ನ ಟಿಪ್ಪಣಿ ಪುಸ್ತಕ ತಿರುವಿದ. ಅಂಥದ್ದೊಂದನ್ನು ಇಟ್ಟೇ ಇರಲಿಲ್ಲ!

“ರಕ್ತ ಯಾವುದರಲ್ಲಿ ತೊಳೆದ್ರಿ?”

“ಬರೀ ನೀರಲ್ಲಿ. ನಿಮ್ಮ ಉಪ್ಪಿನ ಅಳತೆ ಕೆಡಬಾರದು ಅಂತ...”

“ಭಾರೀ ಜಾಣರು! ಬರೀ ನೀರು ಕುಡಿದ್ರೆ ಕಣ ಊದಿ ತಾನೇ ಒಡೆಯುತ್ತೆ. ಪಾಪ, ವಿಷ ಏನೂ ಮಾಡಿಲ್ಲ.”

ಮಧ್ಯಾಹ್ನ ಅವನು ತಾನಾಗಿಯೇ ಬಂದ. ಕೈಯಲ್ಲಿ ವಿಷ ಹಾಕದ ಟ್ಯೂಬು. ಅದೂ ಕೆಂಪು.

“ತಪ್ಪು ನಂದೇ,” ಅಂದ, ಎಲ್ಲರ ಎದುರಿಗೇ. “ಮೊದಲಿಂದ ಮಾಡ್ತೀನಿ.”

ಪರೀಕ್ಷೆ ಮುಗಿಯುವವರೆಗೆ ಕೆಲಸದ ಬಗ್ಗೆ ಇಬ್ಬರೂ ಮಾತಾಡುವಂತಿರಲಿಲ್ಲ. ಹಾಗಾಗಿ ಕಾರಿಡಾರಿನಲ್ಲಿ ಮಿಕ್ಕಿದ್ದೆಲ್ಲ ಮಾತಾಡಿದರು. ಅವನಮ್ಮನ ಮೊಣಕಾಲು ನೋವು, ಅವಳಕ್ಕನ ಜೋರುಬಾಯಿ, ಇಬ್ಬರಿಗೂ ಬಾರದ ಈಜು... ಅವನ ಹೆಜ್ಜೆ ಸಪ್ಪಳಕ್ಕೆ ಅವಳು ಪಿಪೆಟ್ಟಿನ ಹನಿ ಎಣಿಸುವುದನ್ನೇ ಮರೆಯತೊಡಗಿದಳು.

ಬಿಸಿಲು ಏರುವ ದಿನಗಳಲ್ಲಿ ಅವನ ಟ್ಯೂಬುಗಳಲ್ಲೂ ಕಣಗಳು ತಳಕ್ಕೆ ಕೂತವು, ಮೇಲೆ ತಿಳಿನೀರು. ಅವಳು ಗೆದ್ದಿದ್ದಳು!

“ಮೇಡಂ, ನನ್ನ ಕೈ ಲೆಕ್ಕಕ್ಕೆ ಹಿಡೀಬೇಡಿ,” ಅಂದುಬಿಟ್ಟ ಅವನು. “ಪರಿಚಯ ಇಲ್ಲದವನು ಅಂತ ಸುಳ್ಳು ಹೇಳಲಾರೆ. ಇವರಂದ್ರೆ... ನಂಗೆ ಪ್ರಾಣ.”

ಮೇಡಂ ಪೆನ್ನು ಕೆಳಗಿಟ್ಟರು.

‘ಕೈಗೆ ಬಂದದ್ದನ್ನ ಬೀಳಿಸಿದನಲ್ಲ!’ ಸಿಟ್ಟು ಉಕ್ಕಿತು. ಜೊತೆಗೇ ಕಣ್ಣೂ ತುಂಬಿತು.

“ಒಂದನ್ನ ಬಿಡಬೇಕಾಗುತ್ತಮ್ಮ,” ಅಂದರು ಮೇಡಂ. “ಇವನನ್ನೋ, ಫಲಿತಾಂಶಾನೋ.”

“ಎರಡನ್ನೂ ಬಿಡಲ್ಲ! ಮೂರನೆಯವರನ್ನ ಕರೀರಿ. ಹತ್ತು ಜನ ಬರಲಿ. ಉಪ್ಪು ಯಾರ ಮುಖ ನೋಡಿಯೂ ಕೆಲಸ ಮಾಡಲ್ಲ.”

ಮೂರನೆಯವರು ಬಂದರು. ಯಾರನ್ನೂ ನೋಡಿ ನಗದ ಹಿರಿಯಾಕೆ. ಅವರ ಟ್ಯೂಬು ಮುಗಿಯುವವರೆಗೆ ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಆಕೆ ಅಂದದ್ದು ಒಂದೇ ಮಾತು: “ತಿಳಿಯಾಗಿದೆ.”

ಅವನು ಗೇಟಿನ ಹತ್ತಿರ ನಿಂತಿದ್ದ.

“ನಿಮ್ಮನ್ನ ತುಂಬ ಕಾಯಿಸಿಬಿಟ್ಟೆ, ಅಲ್ವಾ?” ಅಂದ.

“ಕಾಯಿಸಿದೆ. ಇನ್ಮೇಲೆ ನೀನು ಕಾಯಬೇಡ, ನಾನೂ ಕಾಯಲ್ಲ.”

“ಓಹೋ, ‘ನೀನು’ ಆದೆನಾ?”

“ಇನ್ನೇನು, ಸಾರ್ ಅನ್ನಬೇಕಿತ್ತಾ? ನಡಿ!”

ಅವತ್ತು ಶನಿವಾರ, ಲ್ಯಾಬಿನಿಂದ ಎಲ್ಲರಿಗಿಂತ ಮೊದಲು ಹೊರಟವಳು ಅವಳು, ಅವನ ತೋಳು ಹಿಡಿದು.