ಮಣ್ಣು ಹಾಕದ ಮೂಲೆ

ಕಸದ ಗುಡ್ಡೆಯ ಪಕ್ಕ ಪ್ರೀತಿ ಹುಟ್ಟುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವಿನ್ ಮೂಗು ಮುಚ್ಚಿಕೊಂಡೇ ನಗುತ್ತಿದ್ದ. ಪುತ್ತೂರಿನ ಹೊರಗಿನ ಕಸದ ಯಾರ್ಡಿಗೆ ಅವನು ಸೂಪರ್‌ವೈಸರ್. ಎಷ್ಟು ಸೋಪು ಹಾಕಿ ಮಿಂದರೂ ಮೈಯ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಅದಕ್ಕೆ ಬೇಸರಪಡುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ಸುಪ್ರಿತಾ ಮಾತ್ರ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಕೊಳೆತ ಕಸದಿಂದ ಏಳುವ ಮೀಥೇನ್ ಗ್ಯಾಸನ್ನು ಸ್ಯಾಟಲೈಟ್ ಆಕಾಶದಿಂದಲೇ ಪತ್ತೆಹಚ್ಚುತ್ತದೆ. ಅದು ಕಂಡದ್ದು ನಿಜವೇ ಎಂದು ನೆಲದ ಮೇಲೆ ಅಳೆಯುವುದು ಅವಳ ಕೆಲಸ. ಆಕಾಶ ಶುಭ್ರವಾಗಿದ್ದ ದಿನ, ಸ್ಯಾಟಲೈಟ್ ಹಾದುಹೋಗುವ ಹೊತ್ತಿಗೆ, ಸುಳ್ಯದಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಮೋಡವಿದ್ದರೆ ಮೇಲಿಂದ ಏನೂ ಕಾಣದು, ಅವಳೂ ಬರುತ್ತಿರಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಆಕಾಶ ನೋಡುವ ಚಟ ಅವಿನ್‌ಗೆ ಅಂಟಿದ್ದು ಹೀಗೆ.

ಆ ದಿನ ಅವಳು ಮೀಟರ್ ಕೆಳಗಿಟ್ಟು, ಕಳೆದ ಸಲದ ಚಿತ್ರವನ್ನು ಫೋನಿನಲ್ಲಿ ತೋರಿಸಿದಳು. ಒಂದು ಮೂಲೆಯಲ್ಲಿ ಮಾತ್ರ ಗ್ಯಾಸಿನ ಕೆಂಪು ಕಲೆ.

"ಗ್ಯಾಸ್ ಏಳದ ಹಾಗೆ ಎಲ್ಲ ಕಡೆ ಮಣ್ಣು ಮುಚ್ಚಿದ್ದೀರಿ. ಈ ಮೂಲೆಗೆ ಎಂತ ಆಯ್ತು?"

"ಮಣ್ಣು ಸಾಕಾಗ್ಲಿಲ್ಲ."

ಅವಳು ಪಕ್ಕದಲ್ಲೇ ಬಿದ್ದಿದ್ದ ಮಣ್ಣಿನ ರಾಶಿಯನ್ನು ನೋಡಿದಳು. ಆಮೇಲೆ ಅವನನ್ನು. ಒಂದು ಹುಬ್ಬು ಮೆಲ್ಲಗೆ ಮೇಲೇರಿತು.

"ಸುಳ್ಳು ಹೇಳ್ಲಿಕ್ಕೂ ಬರುದಿಲ್ಲ ನಿಮಗೆ."

ಅವಿನ್ ಸೋತುಹೋದ. "ಮುಚ್ಚಿದ್ರೆ ನಿಮ್ಮ ಕೆಲಸ ಮುಗೀತು. ಮತ್ತೆ ನೀವು ಈ ಕಡೆ ಎಂತಕ್ಕೆ ಬರುದು?"

ಸುಪ್ರಿತಾಳ ಮುಖ ಕೆಂಪಾಯಿತು. ಸಿಟ್ಟೋ ನಾಚಿಕೆಯೋ ಅವನಿಗೆ ತಿಳಿಯಲಿಲ್ಲ.

"ಈ ಗ್ಯಾಸಿಗೆ ಬೆಂಕಿ ಹತ್ತಿದ್ರೆ ಹೊಗೆ ಕುಡಿಯುದು ಇಲ್ಲಿನ ಕೆಲಸದವರು. ನನಗೋಸ್ಕರ ಇಂಥದ್ದು ಮಾಡ್ಬೇಡಿ ಮಾರಾಯ್ರೆ," ಎಂದು ಸ್ಕೂಟರ್ ಏರಿದಳು. ತಿರುಗಿ ನೋಡಲಿಲ್ಲ.

ಅವಳ ಮಾತು ಸರಿಯೇ. ಅದೇ ಮಧ್ಯಾಹ್ನ ಜೆಸಿಬಿ ಡ್ರೈವರ್ ಅಸ್ಕರ್‌ನನ್ನು ಕರೆದು ಮೂಲೆ ಮುಚ್ಚಿಸಿದ. ತನ್ನ ಬಾಯಿಗೆ ತಾನೇ ಮಣ್ಣು ಹಾಕಿಕೊಂಡ ಹಾಗೆನಿಸಿತು.

ಕಲೆ ಹೋಯಿತು, ಥ್ಯಾಂಕ್ಸ್ ಎಂದು ಅವಳ ಮೆಸೇಜ್ ಬಂತು. ಅಷ್ಟೇ. ಶುಭ್ರ ದಿನಗಳು ಬಂದವು, ಹೋದವು, ಅವಳು ಬರಲಿಲ್ಲ. ಅವಿನ್ ಆಕಾಶ ನೋಡುವುದನ್ನೇ ಬಿಟ್ಟ.

ಒಂದು ಬೆಳಿಗ್ಗೆ ಮೋಡ ದಟ್ಟವಾಗಿ ಕವಿದಿತ್ತು. ಗೇಟಿನ ಬಳಿಯ ಬೆಂಚಿನಲ್ಲಿ ಅವಿನ್ ಸುಸ್ತಾಗಿ ಕುಳಿತಿದ್ದಾಗ ಸ್ಕೂಟರ್ ಬಂದು ನಿಂತಿತು. ಸುಪ್ರಿತಾಳ ಕೈಯಲ್ಲಿ ಮೀಟರ್ ಇರಲಿಲ್ಲ.

"ಇವತ್ತು ಮೋಡ ಉಂಟಲ್ಲ," ಎಂದ ಅವನು, ನಂಬಲಾಗದೆ. "ಮೇಲಿಂದ ಎಂತದೂ ಕಾಣುದಿಲ್ಲ."

"ಗೊತ್ತುಂಟು. ಕೆಲಸ ಇಲ್ಲದಿದ್ರೂ ಇಲ್ಲಿಗೆ ಬರ್ಬೇಕು ಅನ್ನಿಸ್ತದಾ ಅಂತ ಇಷ್ಟು ದಿನ ಕಾದು ನೋಡಿದೆ."

"ಅನ್ನಿಸ್ತಾ?"

ಅವಳು ಹೆಲ್ಮೆಟ್ ತೆಗೆದು, ಅವನ ಪಕ್ಕದ ಖಾಲಿ ಜಾಗದಲ್ಲಿ ಬಂದು ಕುಳಿತಳು.